ಫಲಪುಷ್ಪ ಪ್ರದರ್ಶನದ ನಿಯಮಾವಳಿ ಬಿತ್ತನೆಗೆ ಮೊದಲೇ ಕೈಸೇರಲಿ

ಮಾನ್ಯ ಸಂಪಾದಕರೇ,

ಮಾಗಿ ಬಂತೆಂದರೆ ನಮ್ಮ ಬೆಳಗಾವಿ, ಬಾಗಲಕೋಟೆ, ವಿಜಯಪುರ ಭಾಗದ ಫಲಪುಷ್ಪ ಪ್ರದರ್ಶನಗಳ ಸುದ್ದಿಯೂ ಚಿತ್ರಗಳೂ ಪತ್ರಿಕೆಗಳಲ್ಲಿ ಬರತೊಡಗುತ್ತವೆ. ಗುಲಾಬಿಯಲ್ಲಿ ಕಟ್ಟಿದ ಕೋಟೆ, ಸೇವಂತಿಗೆಯ ಆನೆ, ಕಲ್ಲಂಗಡಿಯಲ್ಲಿ ಕೊರೆದ ಮಹನೀಯರ ಮುಖ, ಇವನ್ನು ನೋಡಲೆಂದೇ ಜನ ಮಕ್ಕಳುಮರಿಗಳನ್ನು ಕಟ್ಟಿಕೊಂಡು ಬರುತ್ತಾರೆ, ಬರಲಿ. ನಾನು ಬರೆಯುತ್ತಿರುವುದು ಅದೇ ಆವರಣದ ಒಂದು ಬದಿಯಲ್ಲಿ ಮೇಜುಗಳ ಮೇಲೆ ನಡೆಯುವ ಸ್ಪರ್ಧೆಯ ಬಗ್ಗೆ. ಮನೆಯ ಹಿತ್ತಲಲ್ಲಿ, ಮಾಳಿಗೆಯ ಮೇಲಿನ ಕುಂಡಗಳಲ್ಲಿ ಹೂ ಬೆಳೆದವರು ತಂದಿಡುವ ಈ ಸ್ಪರ್ಧೆಗೆ ಅನೇಕ ಕಡೆ ಲಿಖಿತ ನಿಯಮಾವಳಿಯೇ ಇರುವುದಿಲ್ಲ. ಇದ್ದರೂ ಅದು ಪ್ರದರ್ಶನಕ್ಕೆ ವಾರವೋ ಹದಿನೈದು ದಿನವೋ ಉಳಿದಿರುವಾಗ ಹೊರಬೀಳುತ್ತದೆ. ಹೂವಿನ ಸ್ಪರ್ಧೆಯಲ್ಲಿ ಗೆಲುವು ಸೋಲುಗಳ ಬಹುಪಾಲು ಬೀಜ ಆರಿಸಿ ಬಿತ್ತುವ ದಿನವೇ ತೀರ್ಮಾನವಾಗಿ ಹೋಗಿರುತ್ತದೆಯಾದ್ದರಿಂದ, ಹಾಗೆ ತಡವಾಗಿ ಬಂದ ನಿಯಮಾವಳಿಯಿಂದ ಬೆಳೆಗಾರನಿಗೆ ಯಾವ ಉಪಯೋಗವೂ ಇಲ್ಲ.

ಇದನ್ನು ಸ್ವೀಟ್ ಪೀ ಹೂವಿನ ಉದಾಹರಣೆಯಿಂದ ವಿವರಿಸಬಯಸುತ್ತೇನೆ. ಬಟಾಣಿ, ಅವರೆಗಳ ಕುಟುಂಬಕ್ಕೆ ಸೇರಿದ ಈ ಬಳ್ಳಿಯ ಹೂವು ಬಣ್ಣಕ್ಕೂ ಪರಿಮಳಕ್ಕೂ ಹೆಸರಾದದ್ದು. ಬೆಳಗಾವಿಯ ಮಾಗಿಯ ಹವೆ ಇದಕ್ಕೆ ಒಗ್ಗುತ್ತದೆ. ಮಹಾನವಮಿಯಿಂದ ಸೀಗಿ ಹುಣ್ಣಿಮೆಯವರೆಗಿನ ಅವಧಿಯಲ್ಲಿ ಬಿತ್ತಿದರೆ, ತಳಿ ಸರಿಯಾಗಿದ್ದಲ್ಲಿ, ಸಂಕ್ರಾಂತಿಯ ಆಸುಪಾಸಿನಲ್ಲಿ ಹೂ ಕೈಗೆ ಬರುತ್ತದೆ. ಶಿವರಾತ್ರಿಯ ಹೊತ್ತಿಗೆ ಬಿಸಿಲು ಏರಿದಂತೆ ಹೂದಂಟು ಗಿಡ್ಡಗಾಗಿ, ಮೊಗ್ಗು ಉದುರಿ, ಬಳ್ಳಿ ಹಳದಿಗೆ ತಿರುಗುತ್ತದೆ. ವಿಜಯಪುರದ ಕಡೆ ಈ ಅವಧಿ ಇನ್ನೂ ಕಿರಿದು. ಹೀಗಾಗಿ ಪ್ರದರ್ಶನ ಜನವರಿ ಕೊನೆಯಲ್ಲೋ, ಫೆಬ್ರುವರಿ ನಡುವಿನಲ್ಲೋ, ಮಾರ್ಚ್‌ನಲ್ಲೋ ಎಂಬುದು ಆಶ್ವಯುಜಕ್ಕೆ ಮೊದಲೇ ಗೊತ್ತಿಲ್ಲದೆ ಹೋದರೆ ಸ್ವೀಟ್ ಪೀ ಬೆಳೆಯುವವನು ಕಣ್ಣು ಮುಚ್ಚಿಕೊಂಡು ಬಿತ್ತಬೇಕಾಗುತ್ತದೆ.

ತಳಿ ಸರಿಯಾಗಿದ್ದಲ್ಲಿ ಎಂದೆನಲ್ಲ, ತೊಡಕಿರುವುದು ಅಲ್ಲಿಯೇ. ಸ್ವೀಟ್ ಪೀ ಹೂ ಬಿಡುವುದು ಹಗಲಿನ ಉದ್ದವನ್ನು ನೋಡಿಕೊಂಡು. ಚಳಿಗಾಲದ ತಳಿಗಳಿಗೆ ಸುಮಾರು 10 ಗಂಟೆಯ ಹಗಲು ಸಾಕು, ವಸಂತದ ತಳಿಗಳಿಗೆ ಸುಮಾರು 11 ಗಂಟೆ ಬೇಕು, ಇಂಗ್ಲೆಂಡಿನ ಪ್ರದರ್ಶನಗಳಲ್ಲಿ ಬಹುಮಾನ ಗಳಿಸುವ ಸ್ಪೆನ್ಸರ್ ಜಾತಿಗೆ 12 ಗಂಟೆ ಅಥವಾ ಅದಕ್ಕಿಂತ ಹೆಚ್ಚು ಬೇಕು. ಬೆಳಗಾವಿಯಲ್ಲಿ ಡಿಸೆಂಬರ್ 21ರ ಸುಮಾರಿನ ಅತ್ಯಂತ ಗಿಡ್ಡ ಹಗಲು ಕೂಡ 11 ಗಂಟೆಗಿಂತ ತುಸು ಹೆಚ್ಚಿರುತ್ತದೆ. ಆದರೆ ಅದು 12 ಗಂಟೆ ಮುಟ್ಟುವುದು ಮಾರ್ಚ್ ತಿಂಗಳಲ್ಲಿ. ಅಷ್ಟರಲ್ಲಿ ಬಿಸಿಲು ಈ ಬಳ್ಳಿ ತಾಳಲಾರದಷ್ಟು ಏರಿರುತ್ತದೆ. ಪೊಟ್ಟಣದ ಮೇಲಿನ ಚೆಂದದ ಚಿತ್ರ ನೋಡಿ ದುಬಾರಿ ಸ್ಪೆನ್ಸರ್ ಬೀಜ ತರಿಸಿದವರ ಬಳ್ಳಿ ಆಳೆತ್ತರ ಬೆಳೆದು, ಸಂಕ್ರಾಂತಿಗೆ ಒಂದು ಮೊಗ್ಗನ್ನೂ ತೋರಿಸದೆ ನಿಂತಿದ್ದರೆ ಅದಕ್ಕೆ ಗೊಬ್ಬರ, ನೀರು, ಮಣ್ಣು ಯಾವುದೂ ಕಾರಣವಲ್ಲ. ಬೀಜ ಮಾರುವವರು ಇದನ್ನು ಹೇಳುವುದಿಲ್ಲ. ಅನೇಕ ಪೊಟ್ಟಣಗಳ ಮೇಲೆ 'ಮಿಶ್ರ ಬಣ್ಣ' ಎಂಬುದರ ಹೊರತು ತಳಿಯ ಹೆಸರೇ ಇರುವುದಿಲ್ಲ. ಸ್ಪರ್ಧೆಯ ನಿಯಮಾವಳಿಯಲ್ಲಿ 'ಬೇಗ ಹೂ ಬಿಡುವ ತಳಿಗಳು' ಎಂದು ಒಂದು ವಿಭಾಗವನ್ನು ಸ್ಪಷ್ಟವಾಗಿ ನಮೂದಿಸಿ, ಅದನ್ನು ಭಾದ್ರಪದದಲ್ಲೇ ಪ್ರಕಟಿಸಿದರೆ ಬೆಳೆಗಾರರಿಗೆ ಆಗುವ ಅರ್ಧ ನಷ್ಟ ತಪ್ಪುತ್ತದೆ.

ಇನ್ನು ಪ್ರದರ್ಶನಕ್ಕಾಗಿ ಬೆಳೆಯುವ ಕ್ರಮವೇ ಬೇರೆ. ಬೇಲಿಗೆ ಹಬ್ಬಿಸಿಬಿಟ್ಟ ಬಳ್ಳಿ ಮನೆಗೆ ಶೋಭೆ ಕೊಡುತ್ತದೆ, ಮೇಜಿನ ಮೇಲೆ ಗೆಲ್ಲುವುದಿಲ್ಲ. ಸ್ಪರ್ಧಿಗಳು ಅನುಸರಿಸುವುದು ಕಾರ್ಡನ್ ಪದ್ಧತಿಯನ್ನು: ಒಂದು ಗಿಡಕ್ಕೆ ಒಂದೇ ಕಾಂಡ, ಒಂದು ಕಾಂಡಕ್ಕೆ ಒಂದೇ ಬಿದಿರಿನ ಗಳ. ಎಳೆ ಸಸಿಯ ತುದಿ ಚಿವುಟಿದ ಮೇಲೆ ಒಡೆಯುವ ಕವಲುಗಳಲ್ಲಿ ಬಲವಾದದ್ದೊಂದನ್ನು ಉಳಿಸಿಕೊಂಡು ಉಳಿದವನ್ನು ತೆಗೆಯುತ್ತಾರೆ. ಅನಂತರ ಎಲೆಯ ಸಂದಿಯಲ್ಲಿ ಮೂಡುವ ಪ್ರತಿಯೊಂದು ಚಿಗುರನ್ನೂ, ಆಸರೆ ಹುಡುಕುತ್ತ ಸುತ್ತಿಕೊಳ್ಳುವ ಪ್ರತಿಯೊಂದು ಕುಡಿಯನ್ನೂ ನಾಲ್ಕೈದು ದಿನಕ್ಕೊಮ್ಮೆ ಚಿವುಟುತ್ತ, ಕಾಂಡವನ್ನು ಗಳಕ್ಕೆ ಸಡಿಲಾಗಿ ಕಟ್ಟುತ್ತ ಹೋಗಬೇಕು. ಕಟ್ಟಲು ಬಾಳೆನಾರಿಗಿಂತ ಒಳ್ಳೆಯದು ನನಗೆ ಕಂಡಿಲ್ಲ. ಕುಡಿಗಳನ್ನು ಬಿಟ್ಟರೆ ಅವು ಪಕ್ಕದ ಹೂದಂಟನ್ನೇ ಹಿಡಿದು ಸೊಟ್ಟ ಮಾಡುತ್ತವೆ. ಸೊಟ್ಟ ದಂಟಿಗೆ ಬಹುಮಾನವಿಲ್ಲ. ಹೀಗೆ ಗಿಡದ ಸತ್ವವೆಲ್ಲ ಒಂದೇ ಕಾಂಡಕ್ಕೆ ಹರಿದಾಗ ಹೂಗಳ ಸಂಖ್ಯೆ ತಗ್ಗಿ, ದಂಟು ನೀಳವಾಗಿ, ಒಂದೊಂದು ದಂಟಿನಲ್ಲಿ ನಾಲ್ಕು, ಐದು ಹೂ ನಿಲ್ಲುತ್ತವೆ.

ಮಣ್ಣಿನ ಬಗ್ಗೆಯೂ ಒಂದು ಮಾತು. ಇದರ ಬೇರು ಆಳಕ್ಕಿಳಿಯುತ್ತದೆ, ಆದ್ದರಿಂದ ಎರಡು ಅಡಿಯಷ್ಟು ಅಗೆದು ಚೆನ್ನಾಗಿ ಕಳಿತ ತಿಪ್ಪೆಗೊಬ್ಬರ ಬೆರೆಸಿರಬೇಕು. ಬೆಳಗಾವಿಯ ಪಶ್ಚಿಮಕ್ಕೆ ಸಿಗುವ ಕೆಂಪು ಮಣ್ಣು ಹುಳಿಯಾಗಿರುವುದರಿಂದ ಸ್ವಲ್ಪ ಸುಣ್ಣ ಬೇಡುತ್ತದೆ. ಬಾಗಲಕೋಟೆ, ವಿಜಯಪುರಗಳ ಎರೆಮಣ್ಣಿಗೆ ಸುಣ್ಣ ಬೇಡ, ಆದರೆ ಅದರಲ್ಲಿ ನೀರು ನಿಂತರೆ ಬೇರು ಕೊಳೆಯುತ್ತದೆ, ಮಡಿಯನ್ನು ಎತ್ತರಿಸಲೇಬೇಕು. ಗಾಳಿಯ ಸಾರಜನಕವನ್ನು ಬೇರಿನ ಗಂಟುಗಳಲ್ಲಿ ಹಿಡಿದಿಡುವ ಬಳ್ಳಿಗೆ ಯೂರಿಯಾ ಸುರಿಯುವುದು ಹೂವಿನ ಬದಲು ಎಲೆ ಬೆಳೆಸಿದಂತೆ.

ಇಷ್ಟೆಲ್ಲ ಮಾಡಿ ಬೆಳೆದ ಹೂ ಮೇಜಿಗೆ ಬಂದಾಗ ಅಲ್ಲಿ ಏನಾಗುತ್ತದೆ? 'ಬಿಡಿ ಹೂಗಳು' ಎಂಬ ಒಂದೇ ಫಲಕದ ಕೆಳಗೆ ತಟ್ಟೆಯಗಲದ ಡೇಲಿಯಾ, ಗುಲಾಬಿ, ಗ್ಲಾಡಿಯೋಲಸ್, ಜರ್ಬೆರಾಗಳ ನಡುವೆ ಸ್ವೀಟ್ ಪೀ ಹೂದಾನಿಯೂ ನಿಲ್ಲುತ್ತದೆ. ಗಾತ್ರ ನೋಡಿದ ಕಣ್ಣಿಗೆ ಡೇಲಿಯಾ ಗೆಲ್ಲುವುದು ಸಹಜ. ನಮ್ಮ ಜಾತ್ರೆಗಳ ದನಗಳ ಪ್ರದರ್ಶನದಲ್ಲಿ ಹಾಲುಹಲ್ಲಿನ ಹೋರಿಯನ್ನು ಬಾಯಿಗೂಡಿದ ಎತ್ತಿನ ಪಕ್ಕ ನಿಲ್ಲಿಸಿ ಬಹುಮಾನ ಕೊಟ್ಟರೆ ರೈತರು ಸುಮ್ಮನಿರುತ್ತಾರೆಯೇ? ಎರಡು ಹಲ್ಲು, ನಾಲ್ಕು ಹಲ್ಲು, ಆರು ಹಲ್ಲು ಎಂದು ವಿಭಾಗ ಮಾಡಿ, ಹಲ್ಲು ನೋಡಿಯೇ ಒಳಗೆ ಬಿಡುವ ಶಿಸ್ತನ್ನು ನಮ್ಮವರು ಎತ್ತುಗಳ ವಿಷಯದಲ್ಲಿ ಮೊದಲಿನಿಂದಲೂ ಪಾಲಿಸಿಕೊಂಡು ಬಂದಿದ್ದಾರೆ. ಹೂವಿನ ಮೇಜಿಗೆ ಅದೇ ಶಿಸ್ತನ್ನು ತರುವುದು ಕಷ್ಟದ ಕೆಲಸವೇನಲ್ಲ.

ಸ್ವೀಟ್ ಪೀ ಸ್ಪರ್ಧೆಯ ತೀರ್ಪಿಗೆ ಇಂಗ್ಲೆಂಡಿನಲ್ಲಿ ನೂರು ವರ್ಷಕ್ಕೂ ಮೀರಿದ ಪರಂಪರೆಯಿದೆ. 1699ರಲ್ಲಿ ಸಿಸಿಲಿಯ ಕುಪಾನಿ ಎಂಬ ಸನ್ಯಾಸಿ ಇಂಗ್ಲೆಂಡಿಗೆ ಕಳುಹಿಸಿದ ಬೀಜದಿಂದ ಬೆಳೆದದ್ದು ಸಣ್ಣ ಹೂವಿನ, ಗಾಢ ಪರಿಮಳದ ಬಳ್ಳಿ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಹೆನ್ರಿ ಎಕ್‌ಫರ್ಡ್ ಎಂಬ ತಳಿಗಾರರು ಅದರ ಹೂವನ್ನು ದೊಡ್ಡದು ಮಾಡಿ ಬಣ್ಣಗಳನ್ನು ಹೆಚ್ಚಿಸಿದರು. 1900ರಲ್ಲಿ, ಆ ಬೀಜ ಬಂದ ಇನ್ನೂರನೆಯ ವರ್ಷದ ನೆನಪಿಗೆ, ಲಂಡನ್ನಿನ ಕ್ರಿಸ್ಟಲ್ ಪ್ಯಾಲೇಸ್‌ನಲ್ಲಿ ಪ್ರದರ್ಶನ ನಡೆದು, ಈ ಒಂದೇ ಹೂವಿಗಾಗಿ ರಾಷ್ಟ್ರೀಯ ಸಂಘವೂ ಹುಟ್ಟಿಕೊಂಡಿತು. ಮರುವರ್ಷವೇ ಸೈಲಾಸ್ ಕೋಲ್ ಎಂಬ ತೋಟಗಾರ ತಮ್ಮ ಒಡತಿಯ ಹೆಸರಿಟ್ಟು ತಂದ 'ಕೌಂಟೆಸ್ ಸ್ಪೆನ್ಸರ್' ಎಂಬ ಅಲೆಯಲೆಯ ಪಕಳೆಯ ಹೂವು ಎಲ್ಲರ ಕಣ್ಣು ಸೆಳೆಯಿತು; ಇಂದಿನ ಸ್ಪೆನ್ಸರ್ ಜಾತಿಯ ಮೂಲ ಅದೇ. 1911ರಲ್ಲಿ ಡೈಲಿ ಮೇಲ್ ಪತ್ರಿಕೆ ಅತ್ಯುತ್ತಮ ಸ್ವೀಟ್ ಪೀ ಗೊಂಚಲಿಗೆ 1000 ಪೌಂಡ್ ಬಹುಮಾನ ಸಾರಿದಾಗ ಸಾವಿರಾರು ಜನ ಹೂ ಕಳುಹಿಸಿದರು. ಮೊದಲ ಬಹುಮಾನ ಸ್ಕಾಟ್ಲೆಂಡಿನ ಸ್ಪ್ರೌಸ್ಟನ್ ಎಂಬ ಹಳ್ಳಿಯ ಪಾದ್ರಿ ಡೆನ್‌ಹೋಮ್ ಫ್ರೇಜರ್ ಅವರ ಪತ್ನಿಗೆ ಬಂತು. ಮೂರನೆಯದು ಸ್ವತಃ ಆ ಪಾದ್ರಿಗೆ. ದೊಡ್ಡ ಜಮೀನುದಾರರ, ಸಂಬಳದ ಮಾಲಿಗಳ ಹೂಗಳಿದ್ದ ಮೇಜಿನಲ್ಲಿ ಹಳ್ಳಿಯ ಒಂದು ಮನೆಯ ಹೂ ಗೆದ್ದದ್ದು ತೀರ್ಪಿನ ಅಳತೆಗೋಲು ಎಲ್ಲರಿಗೂ ಒಂದೇ ಆಗಿದ್ದರಿಂದ ಎಂದು ನಾನು ಭಾವಿಸುತ್ತೇನೆ.

ಆ ಅಳತೆಗೋಲು ಇಷ್ಟು: ಹೂ ತಾಜಾ ಇರಬೇಕು, ಪಕಳೆಯ ಮೇಲೆ ಕಲೆಯಾಗಲಿ ಬಿಸಿಲಿನ ಸುಡುವಿಕೆಯಾಗಲಿ ಕಾಣಬಾರದು, ದಂಟು ನೆಟ್ಟಗಿದ್ದು ಹೂವಿನ ಗಾತ್ರಕ್ಕೆ ತಕ್ಕ ಉದ್ದವಿರಬೇಕು, ದಂಟಿನ ಹೂಗಳು ಸಮ ಅಂತರದಲ್ಲಿ, ಒಂದೇ ಕಡೆಗೆ ಮುಖ ಮಾಡಿರಬೇಕು, ತುದಿಯ ಹೂ ಬಿರಿಯುವ ಹೊತ್ತಿಗೆ ಬುಡದ ಹೂ ಬಾಡಿರಬಾರದು, ಬಣ್ಣ ತಳಿಗೆ ಸಹಜವಾಗಿರಬೇಕು, ಹೂದಾನಿಯ ದಂಟುಗಳೆಲ್ಲ ಒಂದನ್ನೊಂದು ಹೋಲಬೇಕು. ಎಲ್ಲಕ್ಕಿಂತ ಮುಖ್ಯವಾದದ್ದು ಎಣಿಕೆ. ನಿಯಮಾವಳಿಯಲ್ಲಿ ಒಂಬತ್ತು ದಂಟು ಎಂದಿದ್ದರೆ ಒಂಬತ್ತೇ. ಹತ್ತು ಇಟ್ಟವರ ಹೂ ಎಷ್ಟೇ ಚೆನ್ನಾಗಿರಲಿ, ತೀರ್ಪುಗಾರರು ಅದರ ಚೀಟಿಯ ಮೇಲೆ 'ನಿಯಮಕ್ಕೆ ಅನುಗುಣವಾಗಿಲ್ಲ' ಎಂದು ಬರೆದು ಮುಂದೆ ಹೋಗುತ್ತಾರೆ. ಹಾಗೆ ಬರೆಯುವುದು ನಮ್ಮಲ್ಲಿ ಒರಟುತನವೆನಿಸಬಹುದು; ನನಗೆ ಅದು ಬೆಳೆಗಾರನಿಗೆ ತೋರಿಸುವ ಗೌರವವಾಗಿ ಕಾಣುತ್ತದೆ. ಏಕೆ ಸೋತೆ ಎಂದು ತಿಳಿಯದೆ ಮನೆಗೆ ಹೋಗುವುದಕ್ಕಿಂತ ಅದು ಮೇಲು.

ಸಂಘಟಕರು ಗಮನಿಸಬೇಕಾದ ಇನ್ನೊಂದು ಸಂಗತಿ ಫಲ ಮತ್ತು ಪುಷ್ಪಗಳ ನೆರೆಹೊರೆಗೆ ಸಂಬಂಧಿಸಿದ್ದು. ಮಾಗುವ ಬಾಳೆ, ಪಪ್ಪಾಯಿ ಮುಂತಾದ ಹಣ್ಣುಗಳು ಎಥಿಲೀನ್ ಎಂಬ ಅನಿಲವನ್ನು ಬಿಡುತ್ತವೆ, ಸ್ವೀಟ್ ಪೀ ಅದನ್ನು ಸ್ವಲ್ಪವೂ ಸಹಿಸುವುದಿಲ್ಲ, ಬೇಗನೆ ಬಾಡಿಬಿಡುತ್ತದೆ. ಫಲಪುಷ್ಪ ಪ್ರದರ್ಶನವಾದ್ದರಿಂದ ಎರಡನ್ನೂ ಅಕ್ಕಪಕ್ಕದಲ್ಲಿಡುವ ರೂಢಿ ಬೆಳೆದಿದೆ, ಅದನ್ನು ಬಿಡಬೇಕು. ಹಿಂದಿನ ಸಂಜೆ ಕೊಯ್ದು, ರಾತ್ರಿಯಿಡೀ ದಂಟನ್ನು ನೀರಿನಲ್ಲಿಟ್ಟು, ಬೈಲಹೊಂಗಲದಿಂದಲೋ ಗೋಕಾಕದಿಂದಲೋ ನಸುಕಿನ ಬಸ್ಸಿಗೆ ತಂದ ಹೂವಿಗೆ ಮಧ್ಯಾಹ್ನ ಮೂರು ಗಂಟೆಗೆ, ಉದ್ಘಾಟನೆ ಭಾಷಣಗಳೆಲ್ಲ ಮುಗಿದ ಮೇಲೆ, ತಗಡಿನ ಚಪ್ಪರದ ಕೆಳಗೆ ತೀರ್ಪು ಕೊಡುವುದೂ ಅನ್ಯಾಯವೇ. ತೀರ್ಪು ಬೆಳಗಿನ ಹತ್ತರೊಳಗೆ ಮುಗಿದಿರಲಿ, ಅತಿಥಿಗಳು ಆಮೇಲೆ ಬರಲಿ.

ಮಲ್ಲಿಗೆ, ಸೇವಂತಿಗೆ ಬೆಳೆದು ಹೊಟ್ಟೆ ಹೊರೆಯುವ ರೈತರಿರುವಾಗ ಸಿಸಿಲಿಯ ಹೂವಿಗೆ ಪ್ರತ್ಯೇಕ ವಿಭಾಗ ಏಕೆಂದು ಕೇಳುವವರಿದ್ದಾರೆ. ಡೇಲಿಯಾ ಮೆಕ್ಸಿಕೋದಿಂದ ಬಂದದ್ದು, ಅದಕ್ಕೆ ಯಾರೂ ಊರು ಕೇಳಿಲ್ಲ. ಸ್ವೀಟ್ ಪೀ ವಿಭಾಗಕ್ಕೆ ಬೇಕಾದದ್ದು ಒಂದು ಮೇಜು, ಹತ್ತಾರು ಒಂದೇ ಅಳತೆಯ ಹೂದಾನಿಗಳು, ಮಾಹಿತಿಯುಳ್ಳ ಇಬ್ಬರು ತೀರ್ಪುಗಾರರು. ಬಾಗಲಕೋಟೆಯಲ್ಲಿ ತೋಟಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾಲಯವೂ ಅರಭಾವಿಯಲ್ಲಿ ಅದರ ಕಾಲೇಜೂ ಇರುವ ಈ ಭಾಗದಲ್ಲಿ ಅಂಥವರಿಗೆ ಕೊರತೆಯಿಲ್ಲ. ವಿದ್ಯಾರ್ಥಿಗಳಿಗೂ ಒಂದು ವಿಭಾಗವಿದ್ದರೆ ಒಳ್ಳೆಯದು: ಒಂದೇ ವರ್ಣತಂತುವಿನ (ಕ್ರೋಮೋಸೋಮಿನ) ಗುಣಗಳು ಜೊತೆಜೊತೆಯಾಗಿ ಸಾಗುವುದರ ಸುಳಿವು ತಳಿವಿಜ್ಞಾನಿಗಳಾದ ಬೇಟ್ಸನ್ ಮತ್ತು ಪನ್ನೆಟ್ ಅವರಿಗೆ 1905ರ ಸುಮಾರಿಗೆ ಸಿಕ್ಕಿದ್ದು ಇದೇ ಗಿಡದಲ್ಲಿ. ಪಠ್ಯದಲ್ಲಿ ಅದರ ಪ್ರಯೋಗವನ್ನು ಬಾಯಿಪಾಠ ಮಾಡುವ ಮಕ್ಕಳು ಗಿಡವನ್ನೂ ಒಮ್ಮೆ ಬೆಳೆಸಲಿ. ಆದರೆ ಬಟಾಣಿಯಂತೆಯೇ ಕಾಣುವ ಇದರ ಕಾಯಿ ಬೀಜಗಳು ವಿಷಕಾರಿ, ತಿನ್ನುವಂಥವಲ್ಲ ಎಂಬ ಸೂಚನೆ ನಿಯಮಾವಳಿಯಲ್ಲಿಯೂ ಮೇಜಿನ ಮೇಲೆಯೂ ದೊಡ್ಡ ಅಕ್ಷರಗಳಲ್ಲಿರಬೇಕು.

ತಮ್ಮಲ್ಲಿಯೂ ಒಂದು ವಿನಂತಿಯಿದೆ. ಪ್ರದರ್ಶನದ ಮರುದಿನ ಉದ್ಘಾಟಕರ ಹೆಸರುಗಳ ಜೊತೆಗೆ, ಯಾವ ವಿಭಾಗದಲ್ಲಿ ಯಾವ ಊರಿನವರ ಯಾವ ತಳಿ ಬಹುಮಾನ ಪಡೆಯಿತು ಎಂಬ ಪಟ್ಟಿಯನ್ನೂ ಅಚ್ಚು ಮಾಡಿದರೆ, ಮುಂದಿನ ವರ್ಷ ಏನು ಬಿತ್ತಬೇಕೆಂದು ಓದುಗರಿಗೆ ತಿಳಿಯುತ್ತದೆ. ಸಂಘಟಕರು ನಿಯಮಾವಳಿಯನ್ನು ಗಣೇಶ ಚವತಿಯ ವಾರದಲ್ಲಿ ತಮಗೆ ಕಳುಹಿಸಿ, ತಾವು ಅದನ್ನು ಜಿಲ್ಲಾ ಪುಟದಲ್ಲಿ ಪ್ರಕಟಿಸಿದರೆ, ಹೊರಗಿನಿಂದ ಬೀಜ ತರಿಸುವವರಿಗೂ ಮಹಾನವಮಿಗೆ ಮೊದಲು ಮಡಿ ಸಿದ್ಧಪಡಿಸಿಕೊಳ್ಳುವಷ್ಟು ಸಮಯ ಸಿಗುತ್ತದೆ.

ಇಂತಿ ತಮ್ಮ ವಿಶ್ವಾಸಿ,
ಓರ್ವ ಹವ್ಯಾಸಿ ಬೆಳೆಗಾರ,
ಟಿಳಕವಾಡಿ, ಬೆಳಗಾವಿ