ಈ ಮಳೆಗಾಲ ರೀಲು ಆಟ ಇಲ್ಲ

ನಮ್ಮ ಟಾಕೀಸಿನ ಪ್ರೇಕ್ಷಕರಿಗೆ ನಮಸ್ಕಾರ.

ಜೂನ್ 1ರಿಂದ ಭಾನುವಾರದ ಮ್ಯಾಟಿನಿ ರೀಲು ಆಟ, ಅಂದರೆ ಹಳೇ ಫಿಲ್ಮು ಪ್ರಿಂಟು ಓಡಿಸಿ ತೋರಿಸುವ ಸಿನಿಮಾ, ನಿಲ್ಲಿಸುತ್ತಿದ್ದೇವೆ. ಅಕ್ಟೋಬರ್ ಮಧ್ಯದ ಕಾವೇರಿ ಸಂಕ್ರಮಣ ಕಳೆದ ಮೇಲೆ ಮತ್ತೆ ಶುರು. ಆಗ ಬಾಲ್ಕನಿ 100 ರೂಪಾಯಿಯಿಂದ 140ಕ್ಕೆ ಏರುತ್ತದೆ. ಗಾಂಧಿ ಕ್ಲಾಸಿನ ದರ ಮುಟ್ಟಿಲ್ಲ. ಡಿಜಿಟಲ್ ಆಟಗಳು ಎಂದಿನಂತೆ. ದೂರದ ತೋಟಗಳಿಂದ ಭಾನುವಾರಕ್ಕೆಂದೇ ಬರುವವರು ಕ್ಷಮಿಸಬೇಕು.

"ಗೆರೆ ಬಿದ್ದ ಹಳೇ ಪ್ರಿಂಟಿಗೆ ಡಿಜಿಟಲ್‌ಗಿಂತ ಜಾಸ್ತಿ ದುಡ್ಡು ಯಾಕೆ?" ಕೌಂಟರಿನಲ್ಲಿ, ಬಸ್ ಸ್ಟ್ಯಾಂಡಿನಲ್ಲಿ, ಮದುವೆ ಊಟದ ಪಂಕ್ತಿಯಲ್ಲೂ ಇದೇ ಮಾತು. ಲೆಕ್ಕ ಕೇಳಿ. ಎರಡೂವರೆ ಗಂಟೆಯ ಸಿನಿಮಾ ಅಂದರೆ 35 ಎಂಎಂ ಫಿಲ್ಮು ಸುಮಾರು 13,500 ಅಡಿ, ನಾಲ್ಕು ಕಿಲೋಮೀಟರ್ ಉದ್ದ. ಏಳು ರೀಲುಗಳ ಪೆಟ್ಟಿಗೆ ಘಾಟಿ ಹತ್ತಿ ಬರಬೇಕು, ಇಳಿದು ಹೋಗಬೇಕು. ಎರಡೂ ಕಡೆಯ ಬಾಡಿಗೆ ನಮ್ಮ ತಲೆಗೇ. ಆಟದುದ್ದಕ್ಕೂ ಆಪರೇಟರ್ ಕಾವಲು ನಿಂತಿರಬೇಕು. ರೀಲು ಮುಗಿಯುವ ಮೊದಲು ಪರದೆಯ ಬಲ ಮೇಲ್ಮೂಲೆಯಲ್ಲಿ ಚುಕ್ಕೆ ಮಿನುಗುತ್ತದೆ, ಮುಂದಿನ ರೀಲು ಹಾಕಿಟ್ಟ ಎರಡನೇ ಮಷೀನಿನ ಮೋಟಾರ್ ಆನ್. ಸುಮಾರು ಏಳು ಸೆಕೆಂಡಿಗೆ ಇನ್ನೊಂದು ಚುಕ್ಕೆ, ಆಗ ಬದಲಿಸಬೇಕು. ತಪ್ಪಿದರೆ ಪರದೆ ಬೆಳ್ಳಗೆ, ಶಿಳ್ಳೆ ನಮಗೆ. ಈ ಕೈಚಳಕ ಇರುವವರು ಈಗ ಸಿಗುವುದೇ ಕಷ್ಟ. ಅವರ ಸಂಬಳದಲ್ಲಿ ಚೌಕಾಸಿ ಮಾಡಲು ನಮಗೆ ಮನಸ್ಸಿಲ್ಲ. ಕರೆಂಟು ಹೋದರೆ ಜನರೇಟರಿನ ಡೀಸೆಲ್ ಬೇರೆ. ಕಾಫಿಗೆ ರೇಟು ಬಂತೆಂದು ಟಿಕೆಟ್ ಏರಿಸಿದರು ಅನ್ನುವವರಿಗೆ ಒಂದೇ ಮಾತು: ನಮಗೆ ತೋಟ ಇಲ್ಲ!

ಗೆರೆ ಇರುವುದು ನಿಜ. ಊರೂರು ಸುತ್ತಿದ ಪ್ರಿಂಟುಗಳವು, ಹೊಸ ಕನ್ನಡ ಸಿನಿಮಾ ಪ್ರಿಂಟಿನಲ್ಲಿ ಬರುವುದೇ ನಿಂತಿದೆ. ಆದರೂ ಸೆಕೆಂಡಿಗೆ 24 ಚಿತ್ರಗಳು ಒಂದೊಂದಾಗಿ ಮಷೀನಿನ ದೀಪದ ಮುಂದಿನ ಗೇಟಿನಲ್ಲಿ ನಿಂತು ಸರಿಯುವಾಗಿನ ಆ ಸಣ್ಣ ಅಲುಗಾಟ, ಕತ್ತಲ ದೃಶ್ಯದ ಆ ಕಪ್ಪು ನಿಮಗೆ ಬೇಡವಾಗಿದ್ದರೆ ಭಾನುವಾರ ಯಾರು ಬರುತ್ತಿದ್ದರು ಹೇಳಿ?

ಮಳೆಯ ವಿಷಯದಲ್ಲಿ ಮಾತ್ರ ವಾದವಿಲ್ಲ. ಚಿತ್ರ ಇರುವ ಪದರ ಜೆಲಟಿನ್. ತೇವ ಕುಡಿದರೆ ಉಬ್ಬಿ ಅಂಟಿಕೊಳ್ಳುತ್ತದೆ, ಬೂಷ್ಟು ಹಿಡಿಯುತ್ತದೆ. ಕಕ್ಕಡದಲ್ಲಿ, ಅಂದರೆ ಜುಲೈ-ಆಗಸ್ಟಿನ ಜಡಿಮಳೆಯಲ್ಲಿ, ಮೂಲೆಯಲ್ಲಿಟ್ಟ ಚಪ್ಪಲಿಗೂ ಬೂಷ್ಟು ಬರುವ ಊರಿದು. ನಮ್ಮ ಸ್ವಂತ ಪ್ರಿಂಟುಗಳನ್ನು ಬಲ್ಬು ಉರಿಸಿಟ್ಟ ಬೀರುವಿನಲ್ಲಿ ಇಡುತ್ತೇವೆ. ಬಾಡಿಗೆಯವು ಹಾಳಾದರೆ ದಂಡ ತೆರುವ ಶಕ್ತಿ ಇಲ್ಲ.

ಪಾಸು ತೆಗೆದುಕೊಂಡವರು ಗಾಬರಿಯಾಗಬೇಡಿ. ಪಾಸಿನಲ್ಲಿ ಉಳಿದ ಆಟಗಳು ಹಳೇ ದರದಲ್ಲೇ ನಡೆಯುತ್ತವೆ. ಟಾಕೀಸು ಮುಚ್ಚುತ್ತಿಲ್ಲ. ಮಷೀನುಗಳಿರುವ ಕ್ಯಾಬಿನ್ ನೋಡಬೇಕೆಂದರೆ ಈ ತಿಂಗಳು ಇಂಟರ್ವಲ್‌ನಲ್ಲಿ ಮಕ್ಕಳನ್ನು ಕರೆದುಕೊಂಡು ಮೇಲೆ ಬನ್ನಿ, ದೀಪದ ಹತ್ತಿರ ಮಾತ್ರ ಕೈ ಹಾಕಲು ಬಿಡಬೇಡಿ.

ಇತಿ,
ಮ್ಯಾನೇಜರ್