ಶರಣುಗೆ, ಉಂಗುರದ ವಿಷಯ

ಪ್ರೀತಿಯ ಶರಣು,

ಮದುವೆ ನಿಶ್ಚಯ ಆಯಿತೆಂದು ಕೇಳಿ ಭಾಳ ಖುಷಿ ಆಯ್ತು. ನಿಮ್ಮವ್ವ ಬಂಗಾರವೇ ಆಗಬೇಕು ಅಂತಾರೆ, ಅಂಗಡಿಯವನು ಪ್ಲಾಟಿನಂ ತೋರಿಸುತ್ತಾನೆ, ನಮ್ಮೂರ ವೈನಿ, ಅಂದರೆ ನಿನ್ನ ಕೈಹಿಡಿಯುವವರು, ಇಬ್ಬರಿಗೂ ಬಿದರಿ ಉಂಗುರ ಇರಲಿ ಅಂತಾರೆ. ನಡುವೆ ನೀನು ಸಿಕ್ಕಿಬಿದ್ದೀಯ!

ಮೊದಲು ವೈನಿ ಮಾತಿಗೆ ಬರುತ್ತೇನೆ. ಬೀದರಿನಲ್ಲೇ ಇರುವವನು ನಾನು, ಬಿದರಿ ಬೇಡ ಅನ್ನೋಕೆ ಮನಸ್ಸಿಲ್ಲ. ಆದರೆ ಅದು ಹೇಗಾಗುತ್ತದೆ ನೋಡು. ಸತುವಿಗೆ ಸ್ವಲ್ಪ ತಾಮ್ರ ಬೆರೆಸಿ ಎರಕ ಹೊಯ್ಯುತ್ತಾರೆ. ಮೇಲೆ ಮೈಲುತುತ್ತದ ನೀರು ಸವರಿದರೆ ಮೈ ಕಪ್ಪಾಗುತ್ತದೆ, ಉಳಿಯಿಂದ ಗೀರಿದ ಗೆರೆ ಬೆಳ್ಳಗೆ ಎದ್ದು ಕಾಣುತ್ತದೆ. ಆ ಗೆರೆಯೊಳಗೆ ಬೆಳ್ಳಿ ತಂತಿ ಇಟ್ಟು ಸುತ್ತಿಗೆಯಿಂದ ಬಡಿದು ಕೂರಿಸುತ್ತಾರೆ. ಕೊನೆಗೆ ಕೋಟೆಯ ಹಳೇ ಮಣ್ಣು, ನವಸಾಗರ ಕಲಸಿ, ಬಿಸಿ ಮಾಡಿದ ಲೋಹಕ್ಕೆ ಹಚ್ಚಿದಾಗ ಸತು ಮಾತ್ರ ಕಡುಗಪ್ಪಾಗುತ್ತದೆ. ಬೆಳ್ಳಿ ಹಾಗೇ ಹೊಳೆಯುತ್ತದೆ. ಅಂದರೆ ಆ ಕಪ್ಪು ಮೇಲ್ಮೈಯಲ್ಲಿ ಮಾತ್ರ. ದಿನಾ ಬೆವರು, ಸೋಪು ತಾಕಿದರೆ ಮಾಸುತ್ತದೆ. ಬೆರಳು ದಪ್ಪ ಆದರೆ ಹಿಗ್ಗಿಸೋಕೂ ಆಗಲ್ಲ, ಸತುವಿನ ಎರಕ ಬಿರುಕು ಬಿಡುತ್ತದೆ. ವೈನಿಗೆ ಬಿದರಿ ಪೆಂಡೆಂಟ್ ಕೊಡಿಸು. ಉಂಗುರ ಇಡುವ ಬಿದರಿ ಡಬ್ಬಿ ನನ್ನ ಕಡೆಯಿಂದ.

ಪ್ಲಾಟಿನಂ ಕೆಟ್ಟದ್ದಲ್ಲ. ಕಪ್ಪಾಗಲ್ಲ, ಬಣ್ಣ ಹೋಗಲ್ಲ. ಆದರೆ ಬಂಗಾರ 1064 ಡಿಗ್ರಿ ಸೆಲ್ಸಿಯಸ್‌ಗೆ ಕರಗಿದರೆ ಅದಕ್ಕೆ ಸುಮಾರು 1768 ಬೇಕು. ನಾಳೆ ಸೈಜು ಬದಲಿಸಬೇಕೆಂದರೆ ಓಣಿಯ ಪತ್ತಾರರು ಕೈ ಹಚ್ಚೋದು ಕಷ್ಟ. ಬಿಳಿ ಬಂಗಾರದ ಮೇಲೆ ಸಾಮಾನ್ಯವಾಗಿ ರೋಡಿಯಂ ಲೇಪ ಇರುತ್ತದೆ, ಅದು ಸವೆದಂತೆ ಹಳದಿ ಇಣುಕುತ್ತದೆ. ಆನ್‌ಲೈನ್‌ನಲ್ಲಿ ನೋಡಿದ ಟಂಗ್‌ಸ್ಟನ್ ಬಿಟ್ಟೇಬಿಡು. ಗೀರು ಬೀಳಲ್ಲ ನಿಜ, ಆದರೆ ಜೋರಾಗಿ ಬಡಿದರೆ ಒಡೆಯುತ್ತದೆ.

ನನ್ನ ಮತ ನಿಮ್ಮವ್ವನಿಗೇ. ಬಂಗಾರ ತಗೋ, ಆದರೆ ನಿನಗೆ 18 ಕ್ಯಾರೆಟ್. ದಿನವಿಡೀ ದಾಲ್ ಮಿಲ್ಲಿನಲ್ಲಿ ಪಾನಾ ಹಿಡಿಯುವ ಕೈಗೆ 22 ಕ್ಯಾರೆಟ್ ಮೆತ್ತಗಾಯಿತು, ಬೇಗ ಸೊಟ್ಟಗಾಗುತ್ತದೆ. 18ರಲ್ಲಿ ನೂರಕ್ಕೆ 75 ಪಾಲು ಬಂಗಾರ, ಉಳಿದದ್ದು ತಾಮ್ರ, ಬೆಳ್ಳಿಯಂಥ ಲೋಹ. ಗಟ್ಟಿ ಬರೋದು ಅದರಿಂದಲೇ. ‘ಇದು ಕಲಬೆರಕೆ’ ಅಂತ ಅವ್ವ ಮುಖ ಸಿಂಡರಿಸಬಹುದು. ಅವರು ಹೇಳುವ 916ರಲ್ಲೂ, ಅಂದರೆ 22 ಕ್ಯಾರೆಟ್‌ನಲ್ಲೂ, ಬೆರಕೆ ಇದ್ದೇ ಇದೆ, ಕಡಿಮೆ ಅಷ್ಟೇ. ವೈನಿಗೆ ಬೇಕಾದರೆ 22ರಲ್ಲೇ ಮಾಡಿಸು, ಹರಳು ಕೂರಿಸುವುದಿದ್ದರೆ ಮಾತ್ರ ಅವರಿಗೂ 18. ಮತ್ತೆ ಮಿಲ್ಲಿನಲ್ಲಿ ಬೆಲ್ಟ್ ಹತ್ತಿರ ಹೋಗುವಾಗ ಉಂಗುರ ತೆಗೆದಿಡು, ಮಾರಾಯ. ಯಾವ ಲೋಹ ಆದರೂ ಸರಿ.

ಸರಾಫ್ ಬಜಾರಿಗೆ ಹೋದಾಗ ಉಂಗುರದ ಒಳಮೈಯನ್ನು ಭೂತಗನ್ನಡಿ ಇಟ್ಟು ನೋಡು. ಬಿಐಎಸ್ (ಭಾರತೀಯ ಮಾನಕ ಬ್ಯೂರೋ) ಗುರುತು, ಶುದ್ಧತೆ ಹೇಳುವ 18ಕೆ750, ಅದರ ಪಕ್ಕ ಅಕ್ಷರ–ಅಂಕಿ ಸೇರಿ 6 ಇರುವ ಹೆಚ್‌ಯುಐಡಿ, ಅಂದರೆ ಆ ಒಡವೆಯದೇ ಗುರುತಿನ ನಂಬರ್, ಇರಬೇಕು. 2023ರ ಏಪ್ರಿಲ್ 1ರಿಂದ ಹಾಲ್‌ಮಾರ್ಕ್ ಅಂದರೆ ಇದೇ ಲೆಕ್ಕ. ಬಿಐಎಸ್ ಕೇರ್ ಆ್ಯಪ್‌ನಲ್ಲಿ ಆ ನಂಬರ್ ಹಾಕಿ ಅಲ್ಲೇ ನೋಡಿಕೊಳ್ಳಬಹುದು. ಬಿಲ್ಲಿನಲ್ಲಿ ಬಂಗಾರದ ತೂಕ, ಹರಳಿನ ತೂಕ, ಮಜೂರಿ ಬೇರೆ ಬೇರೆ ಬರೆಸಿಕೋ.

ಅಳತೆ ಕೊಡೋಕೆ ಸಂಜೆ ಹೋಗು. ಕಲಬುರಗಿ ಬಿಸಿಲಿಗೆ ಬೆರಳು ಬಾತಿರುತ್ತದೆ, ಬೆಳಿಗ್ಗೆ ಸರಿಯಾದದ್ದು ಮಧ್ಯಾಹ್ನ ಬಿಗಿ ಆಗುತ್ತದೆ. ಮಜೂರಿ ಎಷ್ಟು ಹೇಳಿದರು ಅಂತ ಫೋನ್ ಮಾಡು, ಇಲ್ಲಿಯ ರೇಟು ಕೇಳಿ ಹೇಳುತ್ತೇನೆ.

ನಿನ್ನ ದೋಸ್ತ,
ಬೀದರ್