ಬೇವಿನ ಟೊಂಗೆ ಮತ್ತು ಗವಂತಿ ಹೊಲಿಗೆ

ಮುದ್ದಿನ ಮಗಳೇ,

ನೀನು ಕಳಿಸಿದ ಫೋಟೊ ನೋಡಿದೆ. ಕಸೂತಿಯ ಗೋಪುರ ಚೆನ್ನಾಗಿ ಬಂದಿದೆ. ಬಟ್ಟೆಯ ಹಿಂಬದಿಯ ಫೋಟೊ ಯಾಕೆ ಕಳಿಸಲಿಲ್ಲ ಅಂತ ನನಗೆ ಗೊತ್ತು. ಬೇಜಾರು ಮಾಡಿಕೊಳ್ಳಬೇಡ. ಎರಡೂ ಬದಿ ಒಂದೇ ಥರ ಕಾಣಬೇಕಾದ ಅದೇ ಗವಂತಿ ಹೊಲಿಗೆಯನ್ನು ಈ ವಾರ ನಾನೂ ಮೂರು ಸಲ ಬಿಚ್ಚಿದ್ದೇನೆ.

ಯುಗಾದಿಗೆ ಬೇವು-ಬೆಲ್ಲದ ಬಟ್ಟಲಿಗೆ ಮುಚ್ಚಲು ಒಂದು ಕಸೂತಿ ಬಟ್ಟೆ ಮಾಡುತ್ತಿದ್ದೇನೆ. ಎಳೆ ಎಣಿಸಿ ಹೊಲಿಯಲು ಬರುವ ಬಿಳಿ ಮ್ಯಾಟಿ ಬಟ್ಟೆ. ಮೂಲೆಗೊಂದು ಬೇವಿನ ಟೊಂಗೆ, ನಡುವೆ ಎರಡು ಗಿಳಿ. ಹಿತ್ತಲಿನ ಬೇವು ಈಗಷ್ಟೇ ಚಿಗುರಿದೆ, ಎಲೆಗಳಿಗೆ ಇನ್ನೂ ತಾಮ್ರದ ಬಣ್ಣ. ಒಂದನ್ನು ಕಿತ್ತು ಮುಂದಿಟ್ಟುಕೊಂಡು ನೋಡಿದೆ. ನಮ್ಮ ಕಸೂತಿಯಲ್ಲಿ ಬಾಗಿದ ಗೆರೆ ಇಲ್ಲ, ಉದ್ದ, ಅಡ್ಡ, ಓರೆ ಅಷ್ಟೇ. ಗುಲಾಬಿ ಹಾಕಹೊರಟರೆ ಒದ್ದಾಡಬೇಕು. ಬೇವಿನ ಎಲೆಯ ಅಂಚು ನೋಡು, ಗರಗಸದ ಹಾಗೆ ಹಲ್ಲುಹಲ್ಲು! ಮೆಟ್ಟಿಲು ಹತ್ತಿದಂತೆ ಹೋಗುವ ಮುರ್ಗಿ ಹೊಲಿಗೆಗೆ ಹೇಳಿ ಮಾಡಿಸಿದ್ದು. ಎಲೆ ಸುಲಭವಾಗಿಯೇ ಬಂತು. ಕಾಡಿದ್ದು ಟೊಂಗೆ.

ಗವಂತಿ ಅನ್ನುವ ಹೆಸರು ‘ಗಂಟು’ ಅನ್ನುವುದರಿಂದ ಬಂತು ಅನ್ನುತ್ತಾರೆ. ಆದರೆ ಇದರಲ್ಲಿ ಎಲ್ಲೂ ಗಂಟು ಹಾಕುವ ಹಾಗಿಲ್ಲ. ಹೋಗುವಾಗ ಒಂದು ಹೊಲಿಗೆ ಹಾಕಿ ಒಂದು ಬಿಡುತ್ತೀಯ. ಮರಳಿ ಬರುವಾಗ ಬಿಟ್ಟ ಜಾಗ ತುಂಬುತ್ತೀಯ. ಆಗ ಎರಡೂ ಬದಿ ಒಂದೇ ಥರ ಕಾಣುತ್ತದೆ. ನೀನು ಹೇಳಿದ ಹೋಲ್ಬೀನ್ ಸ್ಟಿಚ್ ಕೂಡ ಇದೇ. ಹೋಲ್ಬೀನ್ ಅನ್ನುವ ಚಿತ್ರಕಾರ ಬರೆದ ಚಿತ್ರಗಳಲ್ಲಿ ಅಂಗಿಯ ತೋಳಿನ ತುದಿಗೆ ಈ ಕೆಲಸ ಕಾಣುತ್ತದೆ. ತೋಳಿನ ತುದಿಯ ಒಳಗೂ ಹೊರಗೂ ಕಣ್ಣು ಬೀಳುತ್ತದೆ, ಅಲ್ವಾ?

ನೇರ ಗೆರೆಯಾದರೆ ಸರಿ. ಟೊಂಗೆಯಲ್ಲಿ ಕವಲು ಬಂದಾಗ ನಾನು ಸುಮ್ನೆ ಮುಂದಕ್ಕೆ ಹೋಗಿಬಿಟ್ಟೆ. ಬರುವಾಗಲೂ ಅದನ್ನು ಮರೆತೆ. ಆಮೇಲೆ ಹಿಂದಿನಿಂದ ದಾರ ಎಳೆದು ಕವಲಿಗೆ ಹೋದೆ. ಮುಂದೆ ಏನೂ ಗೊತ್ತಾಗಲಿಲ್ಲ. ತಿರುಗಿಸಿದರೆ ಬೆನ್ನ ಮೇಲೆ ಗೀರು ಬಿದ್ದ ಹಾಗೆ ಒಂದು ಓರೆ ದಾರ. ಬಟ್ಟಲಿನ ಮೇಲಿಂದ ಎತ್ತಿದಾಗ ಎಲ್ಲರಿಗೂ ಕಾಣುವುದು ಅದೇ. ಬಿಚ್ಚಿದೆ.

ಕವಲು ಬಂದ ಕೂಡಲೇ ಅದರ ತುದಿವರೆಗೆ ಹೋಗು. ಅಲ್ಲಿಂದ ತುಂಬಿಕೊಂಡು ಅದೇ ತೂತಿಗೆ ವಾಪಸ್ ಬಾ. ಆಮೇಲೆ ನಡುಗೆರೆಯಲ್ಲಿ ಮುಂದೆ ಹೋಗು. ಬರುವ ದಾರಿ ಯಾವುದು ಅಂತ ಸೂಜಿ ಚುಚ್ಚುವ ಮೊದಲೇ ಚೌಕದ ಹಾಳೆಯ ಮೇಲೆ ಬೆರಳಾಡಿಸಿ ನೋಡಿಕೊ. ಬಟ್ಟೆಯ ನಾಲ್ಕೆಳೆಗೆ ಒಂದು ಹೊಲಿಗೆ ಅಂತ ಹಿಡಿದರೆ ಕೊನೆವರೆಗೂ ನಾಲ್ಕೇ. ಎರಡನೇ ಸಲ ನಾನು ಒಂದು ಕಡೆ ಐದು ಎಣಿಸಿದ್ದೆ. ಅದು ತಿಳಿದದ್ದು ಗಿಳಿಯ ಕಾಲು ಟೊಂಗೆಗೆ ತಾಗದೇ ಹೋದಾಗ.

ಇನ್ನೊಂದು. ಮರಳುವಾಗ ನಿನ್ನ ಗೆರೆ ಅಲ್ಲಲ್ಲಿ ಸೊಟ್ಟಗಾಗಿದೆ. ಒಂದೇ ತೂತಿನಲ್ಲಿ ಹಳೆಯ ಹೊಲಿಗೆಯ ಮೇಲಿನಿಂದ ಸೂಜಿ ಹೊರಗೆ ತೆಗೆ, ಕೆಳಗಿನಿಂದ ಒಳಗೆ ಹಾಕು. ಪ್ರತಿ ಸಲ ಹಾಗೇ ಮಾಡಿದರೆ ಗೆರೆ ನೇರ ನಿಲ್ಲುತ್ತದೆ. ಮೊಂಡು ಮೊನೆಯ ಸೂಜಿ ತಗೋ, ಚೂಪಿನದು ಹಳೆಯ ದಾರವನ್ನು ಸೀಳುತ್ತದೆ. ಆರೆಳೆಯ ದಾರದಲ್ಲಿ ಎರಡೆಳೆ ಸಾಕು. ನೀನು ಆರಿಸಿಕೊಂಡದ್ದು ಚಂದ್ರಕಾಳಿ ಸೀರೆಯಂಥ ಕಪ್ಪು ಬಟ್ಟೆ. ಅದರಲ್ಲಿ ಎಳೆ ಎಣಿಸುವುದು ಕಣ್ಣಿಗೆ ಜಾಸ್ತಿ ಕಷ್ಟ. ತೊಡೆಯ ಮೇಲೆ ಬಿಳಿ ಟವೆಲ್ ಹಾಸಿಕೊ, ತೂತುಗಳು ಬೆಳ್ಳಗೆ ಕಾಣುತ್ತವೆ. ರಾತ್ರಿ ಬೇಡ, ಬೆಳಗ್ಗೆ ಕಿಟಕಿ ಹತ್ತಿರ ಕೂತುಕೋ.

ದಿನಾ ಒಂದು ತುಂಡು ಬಟ್ಟೆಯಲ್ಲಿ ಮೂರು ಕವಲಿನ ಒಂದು ಟೊಂಗೆ ಹಾಕು. ಮುಗಿಸಿದ ತಕ್ಷಣ ತಿರುಗಿಸಿ ನೋಡು. ಹಿಂಬದಿಯ ಫೋಟೊ ಮೊದಲು ಕಳಿಸು.

ನಿನ್ನೆ ಸಂಜೆ ನಾಲ್ಕನೇ ಸಲ ಹಾಕಿದ ಟೊಂಗೆ ಸರಿ ಬಂತು. ತಿರುಗಿಸಿದೆ, ಕವಲು ಕವಲೂ ಹಾಗೇ ಇತ್ತು, ಬರೀ ಗಿಳಿ ಆ ಕಡೆಗೆ ಮುಖ ಮಾಡಿತ್ತು. ಎಷ್ಟು ಹೊತ್ತು ಆ ಕಡೆ ಈ ಕಡೆ ತಿರುಗಿಸಿ ನೋಡಿದೆನೋ, ಒಲೆಯ ಮೇಲಿನ ಹಾಲು ಉಕ್ಕಿಹೋಯಿತು.

ಗಿಳಿಗಳ ಕೊಕ್ಕು ಹಾಗೇ ಬಿಟ್ಟಿದ್ದೇನೆ. ಕೆಂಪು ದಾರ ಡಬ್ಬಿಯಲ್ಲಿದೆ. ಹಬ್ಬಕ್ಕೆ ಬಂದಾಗ ಒಂದು ನೀನು ಹಾಕು, ಒಂದು ನಾನು.

ನಿನ್ನ
ಅವ್ವ